ಬೇರೆ ಬಾಗಿಲು

ನಮ್ಮ ಕಾಲೋನಿಯಲ್ಲಿ ಒಂದು ಸಮುದಾಯ ಭವನ ಇದೆ. ಅದರ ಬಾಗಿಲಿಗೆ ಒಂದು ಬೀಗ ಇದೆ. ಬೀಗದ ಕೈ ಯಾರ ಹತ್ತಿರ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಏಪ್ರಿಲ್ 14ಕ್ಕೆ ಬೀಗ ತೆಗೆಯುತ್ತಾರೆ, ಕಸ ಹೊಡೆಯುತ್ತಾರೆ, ಬಾಬಾಸಾಹೇಬರ ಫೋಟೋಗೆ ಹಾರ ಬೀಳುತ್ತದೆ, ಭಾಷಣ ಆಗುತ್ತದೆ, ಮೊಸರನ್ನ ಹಂಚುತ್ತಾರೆ. ಸಂಜೆಗೆ ಮತ್ತೆ ಬೀಗ. ಮಿಕ್ಕ ದಿನವೆಲ್ಲ ಆ ಭವನದ ಜಗಲಿಯೇ ನಮ್ಮ ಭವನ. ಬೆಳಿಗ್ಗೆ ಮುದುಕರು ಬಿಸಿಲು ಕಾಯುತ್ತಾರೆ, ಮಧ್ಯಾಹ್ನ ಹುಡುಗರು ಇಸ್ಪೀಟಾಡುತ್ತಾರೆ, ಸಂಜೆ ಬೀದಿ ದೀಪದ ಕೆಳಗೆ ಮಕ್ಕಳು ಮಗ್ಗಿ ಬರೆಯುತ್ತಾರೆ. ಗೋಡೆ ಒಳಗೆ ಮೂವತ್ತು ಕುರ್ಚಿ ಧೂಳು ತಿನ್ನುತ್ತಿವೆ.

ಇಂಥ ಒಂದು ಮನೆ ಬಾಗಿಲು ತೆರೆದು ಕೂತರೆ ಏನೇನು ಮಾಡಬಹುದು ಅನ್ನೋದಕ್ಕೆ ನಾನು ಹೇಳಹೊರಟಿರುವ ಕತೆ ನಮ್ಮೂರಿನದಲ್ಲ, ನಮ್ಮ ದೇಶದ್ದೂ ಅಲ್ಲ. ಅಮೆರಿಕದ ಶಿಕಾಗೋದ್ದು. ಯಾಕೆ ಅಷ್ಟು ದೂರ ಹೋದೆ ಅಂತ ಗೆಳೆಯರು ಕೇಳಬಹುದು. ಆ ಕತೆಯೊಳಗೆ ನನ್ನ ಅವ್ವ ಸಿಕ್ಕಳು. ಅದಕ್ಕೆ.

1889ರ ಸೆಪ್ಟೆಂಬರ್ 18ರಂದು ಜೇನ್ ಆಡಮ್ಸ್, ಎಲೆನ್ ಗೇಟ್ಸ್ ಸ್ಟಾರ್ ಎಂಬ ಇಬ್ಬರು ಹೆಂಗಸರು ಶಿಕಾಗೋದ ಹಾಲ್‌ಸ್ಟೆಡ್ ಬೀದಿಯ ಒಂದು ಹಳೇ ಬಂಗಲೆಗೆ ವಾಸಕ್ಕೆ ಬಂದರು. ಇಬ್ಬರೂ ಓದಿದವರು. ಆಡಮ್ಸ್ ಅಂತೂ ಉಳ್ಳವರ ಮನೆಯ ಮಗಳು. ಚಾರ್ಲ್ಸ್ ಹಲ್ ಎಂಬಾತ 1856ರಲ್ಲಿ ಕಟ್ಟಿಸಿದ್ದ ಬಂಗಲೆ ಅದು. ಕಟ್ಟಿಸುವಾಗ ಸುತ್ತ ಬಯಲಿತ್ತು. ಇವರು ಬರುವ ಹೊತ್ತಿಗೆ ಸುತ್ತ ಕೊಳಗೇರಿ ಬೆಳೆದಿತ್ತು. ಒಂದು ಪಕ್ಕ ಹೆಂಡದಂಗಡಿ, ಇನ್ನೊಂದು ಪಕ್ಕ ಹೆಣದ ಪೆಟ್ಟಿಗೆಯವನ ಅಂಗಡಿ. ಇಟಲಿಯವರು, ಐರಿಶರು, ಜರ್ಮನರು, ಬೊಹೀಮಿಯದವರು, ರಷ್ಯಾ ಪೋಲೆಂಡುಗಳಿಂದ ಓಡಿಬಂದ ಯಹೂದಿಗಳು, ಆಮೇಲೆ ಗ್ರೀಕರು. ಬಂಡವಾಳಶಾಹಿಯ ಹೊಟ್ಟೆಗೆ ಬೇಕಾದ ಅಗ್ಗದ ಕೈಗಳೆಲ್ಲ ಅಲ್ಲಿ ಬಂದು ಬಿದ್ದಿದ್ದವು. ಲಂಡನ್ನಿನ ಬಡವರ ಬೀದಿಯಲ್ಲಿ 1884ರಲ್ಲಿ ಶುರುವಾಗಿದ್ದ ಟಾಯ್ನ್‌ಬೀ ಹಾಲ್ ಎಂಬ ಮನೆಯನ್ನು ಆಡಮ್ಸ್ ಕಂಡು ಬಂದಿದ್ದಳು. ಬಡವರಿಗೆ ದಾನ ಕಳಿಸುವುದಲ್ಲ, ಬಡವರ ಬೀದಿಯಲ್ಲೇ ನೆರೆಯವರಾಗಿ ಬಾಳುವುದು ಅನ್ನುವುದು ಅದರ ತತ್ವ. ಈ ಮನೆಗೆ ಹಲ್ ಹೌಸ್ ಅಂತ ಹೆಸರಾಯಿತು.

ತತ್ವ ದೊಡ್ಡದೇ. ಆದರೆ ಆ ಮನೆಗೆ ರೂಪ ಕೊಟ್ಟಿದ್ದು ತತ್ವ ಅಲ್ಲ, ಬಾಗಿಲಿಗೆ ಬಂದ ಜನ. ಮೊದಲ ದಿನಗಳಲ್ಲಿ ಇವರ ಕಣ್ಣಿಗೆ ಬಿದ್ದ ಮೂರು ಊನಗೊಂಡ ಮಕ್ಕಳ ಸಂಗತಿಯನ್ನು ಆಡಮ್ಸ್ ತನ್ನ 1910ರ ಪುಸ್ತಕದಲ್ಲಿ ಬರೆದಿದ್ದಾಳೆ. ಮೂರಕ್ಕೂ ಏಟಾಗಿದ್ದು ತಾಯಂದಿರು ಕೆಲಸಕ್ಕೆ ಹೋದಾಗ. ಒಂದು ಮೂರನೇ ಅಂತಸ್ತಿನ ಕಿಟಕಿಯಿಂದ ಬಿದ್ದಿತ್ತು. ಒಂದಕ್ಕೆ ಬೆಂಕಿ ತಾಗಿತ್ತು. ಇನ್ನೊಂದರ ಬೆನ್ನು ಬಾಗಿ ಹೋಗಿತ್ತು, ಯಾಕೆಂದರೆ ಮೂರು ವರ್ಷ ಅದನ್ನು ದಿನವಿಡೀ ಅಡುಗೆಮನೆಯ ಮೇಜಿನ ಕಾಲಿಗೆ ಕಟ್ಟಿ ಹಾಕಿ ಹೋಗುತ್ತಿದ್ದರು. ಮಧ್ಯಾಹ್ನ ಅದರ ಅಣ್ಣ ಕಾರ್ಖಾನೆಯಿಂದ ಓಡಿಬಂದು ಕಟ್ಟು ಬಿಚ್ಚಿ, ತನ್ನ ತುತ್ತಿನಲ್ಲಿ ಪಾಲು ಕೊಟ್ಟು ಹೋಗುತ್ತಿದ್ದನಂತೆ.

ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ನನ್ನನ್ನೂ ಕಟ್ಟಿ ಹಾಕಿದ್ದರು. ನಮ್ಮವ್ವ ಪುರಸಭೆಯ ಗುತ್ತಿಗೆ ಕಸಗುಡಿಸುವವಳು. ಬೆಳಿಗ್ಗೆ ಐದೂವರೆಗೆ ಹಾಜರಿ. ಅಪ್ಪ ಇರಲಿಲ್ಲ. ನನ್ನ ಸೊಂಟಕ್ಕೆ ಹಳೇ ಸೀರೆ ಸೆರಗು ಬಿಗಿದು, ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಕಟ್ಟಿ, ಒಂದು ತಟ್ಟೆ ಮಂಡಕ್ಕಿ ಇಟ್ಟು ಹೋಗೋಳು. 'ಏನ್ ಮಾಡ್ಲವ್ವ, ಮೋರಿಗೆ ಬಿದ್ದಿದ್ರೆ?' ಅಂತ ಈಗಲೂ ಕೇಳ್ತಾಳೆ. ನಾನು ಬೈದೇ ಇಲ್ಲ, ಆದರೂ ಅವಳು ಕೇಳ್ತಾನೇ ಇರ್ತಾಳೆ.

ಹಲ್ ಹೌಸಿನ ಬೈಠಕ್ ಖಾನೆಯಲ್ಲಿ ಮೊದಲು ಶುರುವಾದದ್ದು ಶಿಶುವಿಹಾರ. ಆಮೇಲೆ ಕೂಲಿ ತಾಯಂದಿರ ಕೂಸುಗಳಿಗೆ ಹಗಲು ತೊಟ್ಟಿಲಮನೆ. ಅಲ್ಲಿಂದ ಒಂದಕ್ಕೊಂದು ಕೂಡುತ್ತಾ ಹೋಯಿತು. ಬೀದಿಯ ಮನೆಗಳಲ್ಲಿ ಸ್ನಾನಕ್ಕೆ ಜಾಗ ಇಲ್ಲದ್ದು ಕಂಡು ಸ್ನಾನದ ಕೋಣೆ. ಗಾಡಿ ಕಾಲಡಿ ಆಡುವ ಮಕ್ಕಳಿಗೆ ಆಟದ ಬಯಲು. ಶಿಕಾಗೋದಲ್ಲಿ ಅಂಥ ಸಾರ್ವಜನಿಕ ಬಯಲು ಅದೇ ಮೊದಲು. ದುಡಿದು ಬಂದವರಿಗೆ ರಾತ್ರಿ ಪಾಠ, ಇಂಗ್ಲಿಷು, ನಾಟಕ, ಸಂಗೀತ, ವಾದ ಮಾಡೋದಕ್ಕೆ ಒಂದು ಕೋಣೆ. 1907ರ ಹೊತ್ತಿಗೆ ಒಂದು ಬಂಗಲೆ ಹದಿಮೂರು ಕಟ್ಟಡಗಳಾಗಿತ್ತು.

ಎಲ್ಲವೂ ಗೆದ್ದಿತು ಅಂತಲ್ಲ. ಪೌಷ್ಟಿಕ ಆಹಾರದ ವಿಜ್ಞಾನ ಓದಿದವರು ಒಂದು ಸಾರ್ವಜನಿಕ ಅಡುಗೆಮನೆ ತೆರೆದರು. ಅಗ್ಗದ ಬೆಲೆಗೆ ಸತ್ವದ ಸಾರು. ಬೀದಿಯವರು ಮೂಸಿಯೂ ನೋಡಲಿಲ್ಲ. ಸತ್ವ ಗಿತ್ವ ಇರಲಿ, ನನಗೆ ತಿನ್ನಬೇಕು ಅನ್ನಿಸಿದ್ದನ್ನ ನಾನು ತಿಂತೀನಿ ಅನ್ನೋ ಅರ್ಥದಲ್ಲಿ ಒಬ್ಬಾಕೆ ಹೇಳಿಬಿಟ್ಟಳು. ಇದು ನನಗೆ ಬಹಳ ಹಿಡಿಸಿತು. ಬಡವರ ತಟ್ಟೆ ಕಂಡರೆ ಉಪದೇಶ ಮಾಡಬೇಕು ಅನ್ನಿಸುವುದು ಎಲ್ಲಾ ದೇಶದ ಉಳ್ಳವರಿಗೂ ಇರುವ ಖಾಯಿಲೆ. ನಮ್ಮಲ್ಲಂತೂ ತಟ್ಟೆಯಲ್ಲಿ ಏನಿದೆ ಅಂತ ಬಗ್ಗಿ ನೋಡುವವರಿಗೆ ಲೆಕ್ಕವಿಲ್ಲ. ಆಡಮ್ಸ್ ಈ ಸೋಲನ್ನು ಮುಚ್ಚಿಡದೆ ತಾನೇ ಬರೆದಿದ್ದಾಳೆ, ಅಷ್ಟು ದೊಡ್ಡತನ ಅವಳಿಗಿತ್ತು.

ಮೊದಲ ಕ್ರಿಸ್‌ಮಸ್ಸಿಗೆ ಇನ್ನೊಂದು ನಡೆಯಿತು. ಬಂದ ಹುಡುಗಿಯರಿಗೆ ಮಿಠಾಯಿ ಕೊಟ್ಟರೆ ಕೆಲವರು ಮುಖ ತಿರುಗಿಸಿದರು. ವಿಚಾರಿಸಿದರೆ, ಅವರು ಮಿಠಾಯಿ ಕಾರ್ಖಾನೆಯಲ್ಲಿ ದುಡಿಯುವವರು. ಹಬ್ಬದ ಬೇಡಿಕೆಗಾಗಿ ಆರು ವಾರ ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ದುಡಿದು ಮಿಠಾಯಿ ಕಂಡರೆ ವಾಕರಿಕೆ ಬರುತ್ತಿತ್ತು. ಇಲ್ಲಿಂದ ಮುಂದೆ ಆ ಮನೆ ಬರೀ ಹಾಡು ಹಸೆಯ ಮನೆಯಾಗಿ ಉಳಿಯಲಿಲ್ಲ. ಅಲ್ಲೇ ವಾಸಕ್ಕೆ ಬಂದ ಫ್ಲಾರೆನ್ಸ್ ಕೆಲ್ಲಿ ಎಂಬ ಸಮಾಜವಾದಿ ಹೆಂಗಸು ಬೆವರಂಗಡಿಗಳ ಲೆಕ್ಕ ಹಿಡಿದಳು. 1893ರಲ್ಲಿ ಇಲಿನಾಯ್ಸ್ ರಾಜ್ಯದಲ್ಲಿ ಕಾನೂನು ಬಂತು: ಹದಿನಾಲ್ಕು ತುಂಬದ ಮಕ್ಕಳನ್ನು ಕಾರ್ಖಾನೆಗೆ ಹಚ್ಚಬಾರದು, ಹೆಂಗಸರಿಗೆ ದಿನಕ್ಕೆ ಎಂಟೇ ಗಂಟೆ. ಕೆಲ್ಲಿಯೇ ಮೊದಲ ಕಾರ್ಖಾನೆ ಇನ್‌ಸ್ಪೆಕ್ಟರ್ ಆದಳು. ಮಾಲೀಕರು ಸುಮ್ಮನಿದ್ದಾರಾ? 1895ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಎಂಟು ಗಂಟೆಯ ಕಲಮನ್ನು ಹೊಡೆದು ಹಾಕಿತು. ಅದೇ ವರ್ಷ ಮನೆಯವರು ಬೀದಿ ಬೀದಿಯ ನಕ್ಷೆ ಅಚ್ಚು ಹಾಕಿದರು. ಯಾವ ಮನೆಯಲ್ಲಿ ಯಾವ ದೇಶದವರು, ವಾರಕ್ಕೆ ಎಷ್ಟು ಕೂಲಿ, ಬಣ್ಣ ಬಣ್ಣದಲ್ಲಿ ಗುರುತು ಹಾಕಿ.

ಪ್ರಾಯದ ಹುಡುಗಿಯರ ವಸತಿಮನೆ ಹುಟ್ಟಿದ್ದು ಮುಷ್ಕರದ ನಡುವೆ. ಶೂ ಕಾರ್ಖಾನೆಯ ಹೆಂಗಸರು ಹಲ್ ಹೌಸಿನಲ್ಲಿ ಸಭೆ ಸೇರಿದ್ದರು. ಬಾಡಿಗೆ ಊಟದ ಮನೆಗಳಲ್ಲಿ ಇರುವವರು ಮೊದಲು ಸಡಿಲಾದರು, ಯಾಕೆಂದರೆ ವಾರದ ದುಡ್ಡು ಕಟ್ಟದಿದ್ದರೆ ಬೀದಿಗೆ. ನಮ್ಮದೇ ಒಂದು ಮನೆ ಇದ್ದಿದ್ದರೆ ಇಂಥ ಹೊತ್ತಲ್ಲಿ ಒಬ್ಬರಿಗೊಬ್ಬರು ಆಗಬಹುದಿತ್ತು ಅಂತ ಒಬ್ಬಳು ಅಂದಳು. ಮೊದಲ ತಿಂಗಳ ಬಾಡಿಗೆಯನ್ನೂ ಸಾಮಾನನ್ನೂ ಹಲ್ ಹೌಸ್ ಕೊಟ್ಟಿತು. ಆಮೇಲೆ ಹುಡುಗಿಯರೇ ನಡೆಸಿದರು, ಲೆಕ್ಕವೂ ಅವರದೇ, ಕಟ್ಟಳೆಯೂ ಅವರದೇ. ವಾರ್ಡನ್ ಇಲ್ಲದ ಹಾಸ್ಟೆಲು! ಹಾಸ್ಟೆಲಿನ ಅನ್ನದಲ್ಲಿ ಹುಳ ಆರಿಸಿ ತಿಂದು ಪದವಿ ಪಡೆದ ನನ್ನಂಥವರಿಗೆ ಇದು ಕನಸಿನ ಹಾಗೆ ಕೇಳುತ್ತದೆ.

ಮುದುಕರನ್ನು ಮರೆತಿರಲಿಲ್ಲ. ದುಡಿಯಲಾಗದ ಬಡಮುದುಕರನ್ನು ಸರಕಾರದ ಅನಾಥಾಲಯಕ್ಕೆ ಸಾಗಿಸುವುದು ಅಲ್ಲಿನ ಪದ್ಧತಿ. ಹಾಗೆ ಒಯ್ಯಲು ಬಂದಾಗ ಒಬ್ಬ ಜರ್ಮನ್ ಮುದುಕಿ ತನ್ನ ಸಣ್ಣ ಬೀರುವನ್ನು ತಬ್ಬಿ ಹಿಡಿದು ಬಿಡಲೇ ಇಲ್ಲ. ಅವಳ ಬದುಕೆಲ್ಲ ಆ ಮರದ ಖಾನೆಗಳಲ್ಲಿತ್ತು. ಇದನ್ನು ಕಂಡ ಮೇಲೆ ಆಡಮ್ಸ್ ಅನಾಥಾಲಯದ ಐದಾರು ಮುದುಕಿಯರನ್ನು ಬೇಸಗೆಯಲ್ಲಿ ಎರಡು ವಾರ ಮನೆಗೆ ಕರೆತರುತ್ತಿದ್ದಳು. ಅವರು ಹಳೇ ಬೀದಿ ಸುತ್ತಿ, ಹಳೇ ನೆರೆಯವರ ಜೊತೆ ಟೀ ಕುಡಿದು, ಚಳಿಗಾಲಕ್ಕೆ ಬೇಕಾದಷ್ಟು ಸುದ್ದಿ ಮೂಟೆ ಕಟ್ಟಿಕೊಂಡು ಹೋಗುತ್ತಿದ್ದರು.

ಈಗ ಕಸದ ವಿಷಯ. ಆ ವಾರ್ಡಿನಲ್ಲಿ ಕಸದ ಗುತ್ತಿಗೆ ಅಂದರೆ ರಾಜಕಾರಣಿಗಳ ಹಿಂಬಾಲಕರಿಗೆ ಹಾಕುವ ಮೂಳೆ. ಮಕ್ಕಳು ರೋಗ ಬಂದು ಸಾಯುತ್ತಿದ್ದವು. 1895ರಲ್ಲಿ ಆಡಮ್ಸ್ ತಾನೇ ಆ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಆದಳು. ವರ್ಷಕ್ಕೆ 1000 ಡಾಲರ್ ಸಂಬಳ. ಬೆಳಿಗ್ಗೆ ಆರಕ್ಕೆ ಎದ್ದು ಕಸದ ಗಾಡಿಗಳ ಹಿಂದೆ ಹೋಗೋಳು. ಒಂದು ಓಣಿಯಲ್ಲಿ ಕಸ ಬಗೆದರೆ ಹದಿನೆಂಟು ಅಂಗುಲದ ಕೆಳಗೆ ಕಲ್ಲು ಹಾಸಿದ ರಸ್ತೆಯೇ ಸಿಕ್ಕಿತು. ಅಲ್ಲೊಂದು ರಸ್ತೆ ಇದೆ ಅನ್ನೋದೇ ಯಾರಿಗೂ ಗೊತ್ತಿರಲಿಲ್ಲ! ಈ ಕತೆಯನ್ನು ಅವ್ವನಿಗೆ ಹೇಳಿದೆ. ಬಾಯಿ ತೆಗೆದು ಕೇಳಿದಳು. ಕೊನೆಗೆ ಒಂದೇ ಪ್ರಶ್ನೆ: 'ಅಮ್ಮೋರು ಹಿಂದೆ ಹೋದ್ರು ಸರಿ. ಆ ಕಸ ಬಗ್ದೋರು ಯಾರು?' ಆ ಹೆಸರುಗಳು ಪುಸ್ತಕದಲ್ಲಿ ಇರಲಿಲ್ಲ.

ಆಡಮ್ಸ್ 1900ರಲ್ಲಿ ದುಡಿಮೆಯ ಮ್ಯೂಸಿಯಂ ಅಂತ ಒಂದನ್ನು ತೆರೆದಳು. ವಲಸೆ ಬಂದ ಮುದುಕಿಯರಿಗೆ ತಕಲಿ ಗೊತ್ತು, ರಾಟೆ ಗೊತ್ತು, ಮಗ್ಗ ಗೊತ್ತು. ಅಮೆರಿಕದಲ್ಲಿ ಹುಟ್ಟಿ ಬೆಳೆದ ಅವರ ಮಕ್ಕಳಿಗೆ ಅವರ ಭಾಷೆ ನಾಚಿಕೆ, ಉಡುಪು ನಾಚಿಕೆ. ಏಂಜಲೀನಾ ಎಂಬ ಇಟಲಿ ಹುಡುಗಿ ಶನಿವಾರ ಸಂಜೆ ಅಡುಗೆ ತರಗತಿಗೆ ಬರುತ್ತಿದ್ದಳು. ಅದೇ ಸಂಜೆ ಅವಳ ತಾಯಿ ಮ್ಯೂಸಿಯಂನಲ್ಲಿ ನೂಲು ತೆಗೆಯಲು ಬರುತ್ತಿದ್ದಳು. ತಲೆಗೆ ವಸ್ತ್ರ, ಒರಟು ಬೂಟು, ಗಿಡ್ಡ ಲಂಗ. ಮಗಳು ತಾಯಿಯ ಜೊತೆ ಬರುತ್ತಿರಲಿಲ್ಲ. ಬೇರೆ ಬಾಗಿಲಿನಿಂದ ಒಳಗೆ ಬರುತ್ತಿದ್ದಳು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾಲೇಜಿಗೆ ಹೋಗುವಾಗ ಬಸ್ ಸ್ಟ್ಯಾಂಡಿನ ದೊಡ್ಡ ರಸ್ತೆಯಲ್ಲಿ ಅವ್ವ ಕಡ್ಡಿ ಪೊರಕೆ ಹಿಡಿದು ಗುಡಿಸುತ್ತಿರುತ್ತಿದ್ದಳು. ಗೆಳತಿಯರ ಜೊತೆ ನಾನು ಆ ರಸ್ತೆ ಬಿಟ್ಟು ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದೆ. ಮೂರು ವರ್ಷ. ಅವ್ವ ಒಂದು ದಿನವೂ ಕೇಳಲಿಲ್ಲ. ಒಂದು ಸಲ ಅಚಾನಕ್ಕಾಗಿ ಎದುರಾದಾಗ ಅವಳೇ ಮುಖ ತಿರುಗಿಸಿ, ಗಾಡಿ ಹಿಂದೆ ಸರಿದು ನಿಂತಳು. ನನ್ನ ಮರ್ಯಾದೆ ಉಳಿಸೋಕೆ.

ಏಂಜಲೀನಾ ಒಂದು ಸಂಜೆ ನೋಡುತ್ತಾಳೆ, ಕಾಲೇಜಿನವರೊಂದು ಗುಂಪು ತಾಯಿಯ ಸುತ್ತ ನಿಂತು ಅವಳ ಕೈಚಳಕಕ್ಕೆ ಬೆರಗಾಗಿದೆ. ನಮ್ಮವ್ವ ಅಷ್ಟು ದೊಡ್ಡ ನೂಲುಗಾತಿಯಾ ಅಂತ ಆಡಮ್ಸಳನ್ನು ಕೇಳುತ್ತಾಳೆ. ಹೌದು ಅಂತ ಆಡಮ್ಸ್, ಆ ತಾಯಿ ಬೆಳೆದ ಹಳ್ಳಿಯ ಬದುಕನ್ನೂ ವಿವರಿಸಿ ಹೇಳುತ್ತಾಳೆ. ಆಮೇಲೆ ತಾಯಿ ಮಗಳು ಒಂದೇ ಬಾಗಿಲಿನಿಂದ ಬರತೊಡಗಿದರಂತೆ.

ಚೆಂದದ ಕತೆ. ಆದರೆ ನನಗೆ ಇದರಲ್ಲಿ ಎರಡು ತಕರಾರು. ತಾಯಿಯ ಬೆಲೆ ಮಗಳಿಗೆ ತಿಳಿಯಲು ಕಾಲೇಜಿನವರು ಬಂದು ಮೆಚ್ಚಬೇಕಾಯಿತಲ್ಲ ಅನ್ನೋದು ಒಂದು. ಎರಡನೆಯದು ಇನ್ನೂ ದೊಡ್ಡದು. ಆ ತಾಯಿಯ ತಕಲಿ ಬಡತನದ್ದು, ಹಳ್ಳಿಯದ್ದು. ಹುಟ್ಟಿನ ಶಿಕ್ಷೆ ಅಲ್ಲ. ನಮ್ಮವ್ವನ ಪೊರಕೆಯನ್ನು ಯಾವ ಮ್ಯೂಸಿಯಂನಲ್ಲಿ ಇಡೋಣ? ತಮಟೆ, ಚಪ್ಪಲಿ ಉಳಿ, ಪೊರಕೆ, ಇವನ್ನು 'ಕುಲಕಸುಬಿನ ಸೊಬಗು' ಅಂತ ಹಾಡಿ ಹೊಗಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹೊಗಳಿ, ಮತ್ತೆ ನಮ್ಮ ಕೈಗೇ ಕೊಡುತ್ತಾರೆ. ಜಾತಿ ಅನ್ನೋದು ಕೆಲಸದ ಹಂಚಿಕೆ ಅಲ್ಲ, ಕೆಲಸಗಾರರನ್ನೇ ಒಡೆದು ಮೇಲೆ ಕೆಳಗೆ ಜೋಡಿಸಿದ್ದು ಅಂತ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದ್ದು ಇದಕ್ಕೇ.

ಇಲ್ಲೊಂದು ನಂಟು ಇದೆ. ಆ ಪುಸ್ತಕದಲ್ಲಿ ಬಾಬಾಸಾಹೇಬರು ತಮ್ಮ ಗುರು ಅಂತ ಋಣ ನೆನೆಯುವ ಜಾನ್ ಡ್ಯೂಯಿ, ಶಿಕಾಗೋದಲ್ಲಿದ್ದಾಗ ಹಲ್ ಹೌಸಿನ ಟ್ರಸ್ಟಿಯಾಗಿದ್ದವನು. ಒಬ್ಬ ಮಗಳಿಗೆ ಜೇನ್ ಅಂತ ಆಡಮ್ಸಳ ಹೆಸರನ್ನೇ ಇಟ್ಟವನು. ಶಾಲೆ ಅನ್ನೋದು ಮಕ್ಕಳಿಗೆ ಮಾತ್ರವಲ್ಲ, ಎಲ್ಲ ವಯಸ್ಸಿನವರೂ ಬಂದು ಕೂಡುವ ಕೇಂದ್ರವಾಗಬೇಕು ಅಂತ 1902ರಲ್ಲೇ ವಾದಿಸಿದವನು. 1904ರಲ್ಲಿ ಅವನು ಕೊಲಂಬಿಯಾಕ್ಕೆ ಹೋದ. 1913ರಲ್ಲಿ ಅಲ್ಲಿಗೆ ನಮ್ಮ ಭೀಮರಾವ್ ಬಂದರು. ಹಾಲ್‌ಸ್ಟೆಡ್ ಬೀದಿಯಲ್ಲಿ ಕಂಡದ್ದರಲ್ಲಿ ಒಂದಿಷ್ಟಾದರೂ ಆ ತರಗತಿಯ ಗಾಳಿಯಲ್ಲಿ ಇದ್ದೀತು ಅಂತ ನಾನು ಊಹಿಸುತ್ತೇನೆ, ಊಹೆ ಅಷ್ಟೆ.

ಹಾಗಾದರೆ ಶಿಕಾಗೋದ ಕಪ್ಪು ಜನ ಎಲ್ಲಿ? ಹಲ್ ಹೌಸಿನ ಅಷ್ಟೆಲ್ಲ ಕೋಣೆಗಳಲ್ಲಿ ಅವರು ಬಹಳ ಕಡಿಮೆ. ಇಟಲಿಯ ಕೂಲಿಗೆ ತೆರೆದ ಬಾಗಿಲು ಅವರಿಗೆ ಅಷ್ಟು ಸಲೀಸಾಗಿ ತೆರೆಯಲಿಲ್ಲ. ಆಡಮ್ಸ್ ಕೆಟ್ಟವಳಲ್ಲ. ಕಪ್ಪು ಮಕ್ಕಳಿಗೆ ಬೇರೆ ಶಾಲೆ ಮಾಡಬೇಕು ಅಂತ ಒಂದು ಪತ್ರಿಕೆ ಎಬ್ಬಿಸಿದಾಗ ಐಡಾ ಬಿ. ವೆಲ್ಸ್ ಬಂದು ಕೇಳಿದ್ದಕ್ಕೆ ಜೊತೆ ನಿಂತು ಅದನ್ನು ತಡೆದವಳು. ಆದರೆ 1901ರಲ್ಲಿ ಕಪ್ಪು ಜನರನ್ನು ಗುಂಪುಕಟ್ಟಿ ಕೊಲ್ಲುವುದನ್ನು ಖಂಡಿಸಿ ಬರೆದ ಲೇಖನದಲ್ಲೂ, ಸತ್ತವರು ತಪ್ಪು ಮಾಡಿದ್ದರು ಅನ್ನೋದನ್ನು ವಾದಕ್ಕಾಗಿ ಒಪ್ಪಿಕೊಂಡೇ ಹೊರಟಳು. ವೆಲ್ಸ್ ಅದೇ ಪತ್ರಿಕೆಯಲ್ಲಿ ಅಂಕಿ ಅಂಶ ಇಟ್ಟು ಉತ್ತರ ಕೊಟ್ಟಳು. ಒಳ್ಳೆಯ ಮನಸ್ಸಿಗೂ ಕಾಣದ ಮೂಲೆ ಇರುತ್ತದೆ. ಆ ಮೂಲೆಯಲ್ಲಿ ಕೂತವರೇ ಎದ್ದು ಹೇಳಬೇಕು.

ಈ ವೆಲ್ಸ್ 1862ರಲ್ಲಿ ಗುಲಾಮರ ಮಗುವಾಗಿ ಹುಟ್ಟಿದವಳು. 1884ರಲ್ಲಿ ಟಿಕೆಟ್ ಕೈಯಲ್ಲಿದ್ದರೂ ರೈಲಿನ ಹೆಂಗಸರ ಡಬ್ಬಿಯಿಂದ ಎಳೆದು ಹಾಕಿದ್ದಕ್ಕೆ ಕೋರ್ಟಿಗೆ ಹೋದವಳು. 1892ರಲ್ಲಿ ಮೆಂಫಿಸ್ಸಿನಲ್ಲಿ ಮೂವರು ಕಪ್ಪು ಅಂಗಡಿಕಾರರನ್ನು ಕೊಂದಾಗ ಬರೆದದ್ದಕ್ಕೆ ಅವಳ ಪತ್ರಿಕೆಯ ಕಚೇರಿಯನ್ನೇ ಧ್ವಂಸ ಮಾಡಿದರು. ಶಿಕಾಗೋಕ್ಕೆ ಬಂದು ನೆಲೆಸಿದಳು. 1908ರಲ್ಲಿ ಲಿಂಕನ್ನನ ಊರಾದ ಸ್ಪ್ರಿಂಗ್‌ಫೀಲ್ಡಿನಲ್ಲೇ ಬಿಳಿಯರ ಗುಂಪು ಕಪ್ಪು ಜನರ ಮನೆ ಸುಟ್ಟಿತು. ಆಗ ಅವಳ ಭಾನುವಾರದ ಬೈಬಲ್ ತರಗತಿಯ ಹುಡುಗರು ಏನಾದರೂ ಮಾಡಬೇಕು ಅಂತ ಅವಳ ಮನೆಯಲ್ಲೇ ಸೇರಿದರು. ಅದೇ ನೀಗ್ರೋ ಫೆಲೋಶಿಪ್ ಲೀಗ್. 1910ರ ಮೇ 1ರಂದು ಸ್ಟೇಟ್ ಬೀದಿಯಲ್ಲಿ ಲೀಗಿನ ವಾಚನಾಲಯ ತೆರೆಯಿತು.

ಹಲ್ ಹೌಸಿನ ಹದಿಮೂರು ಕಟ್ಟಡಗಳ ಮುಂದೆ ಇದೇನು? ಬಾಡಿಗೆಯ ಜಾಗ, ಕೆಳಗೆ ಪತ್ರಿಕೆ ಪುಸ್ತಕ, ಮೇಲೆ ಮಲಗಲು ಜಾಗ. ದಕ್ಷಿಣದಿಂದ ತಪ್ಪಿಸಿಕೊಂಡು ರೈಲಿಳಿಯುವ ಕಪ್ಪು ಹುಡುಗರಿಗೆ ವೈಎಂಸಿಎ ಬಾಗಿಲು ಇಲ್ಲ. ಅವರಿಗೆ ತೆರೆದಿದ್ದ ಬಾಗಿಲು ಹೆಂಡದಂಗಡಿ, ಜೂಜಿನಂಗಡಿ, ಆಮೇಲೆ ಜೈಲು. ಲೀಗಿನಲ್ಲಿ ಕೂರಬಹುದು, ಓದಬಹುದು, ಕೆಲಸ ಹುಡುಕಿಸಿಕೊಳ್ಳಬಹುದು. 1913ರಲ್ಲಿ ವೆಲ್ಸ್ ಶುರು ಮಾಡಿದ ಕಪ್ಪು ಹೆಂಗಸರ ಮತದಾನದ ಹಕ್ಕಿನ ಸಂಘ ಇದೇ ಕೋಣೆಯಲ್ಲಿ ಸೇರುತ್ತಿತ್ತು. ಆ ಹೆಂಗಸರು ಮನೆ ಮನೆ ತಿರುಗಿದ್ದರಿಂದ 1915ರಲ್ಲಿ ಶಿಕಾಗೋದ ನಗರಸಭೆಗೆ ಮೊದಲ ಕಪ್ಪು ಸದಸ್ಯ ಆಸ್ಕರ್ ಡಿಪ್ರೀಸ್ಟ್ ಆಯ್ಕೆಯಾದ.

ಸ್ಟೀವ್ ಗ್ರೀನ್ ಅನ್ನುವವನ ಸಂಗತಿ ಹೇಳಲೇಬೇಕು. ಅರ್ಕಾನ್ಸಾಸಿನ ಗೇಣಿ ರೈತ. ದಣಿಯ ಜೊತೆ ಜಗಳವಾಗಿ, ದಣಿ ಗುಂಡು ಹಾರಿಸಿ, ತನ್ನ ಜೀವ ಉಳಿಸಿಕೊಳ್ಳಲು ಇವನೂ ಹಾರಿಸಿ, ದಣಿ ಸತ್ತ. ಓಡಿ ಶಿಕಾಗೋಕ್ಕೆ ಬಂದ. 1910ರಲ್ಲಿ ಪೊಲೀಸರು ಹಿಡಿದು ಅರ್ಕಾನ್ಸಾಸಿಗೆ ರೈಲು ಹತ್ತಿಸಿದರು. ಅಲ್ಲಿ ಅವನಿಗಾಗಿ ಕಾದಿದ್ದದ್ದು ಕೋರ್ಟಲ್ಲ, ಗುಂಪು. ವೆಲ್ಸ್ ವಕೀಲರನ್ನು ಹಿಡಿದು ಕೋರ್ಟಿನ ಆಜ್ಞೆ ತಂದು, ರೈಲು ರಾಜ್ಯದ ಗಡಿ ದಾಟುವ ಮೊದಲು ಅವನನ್ನು ತಡೆದವರಿಗೆ 100 ಡಾಲರ್ ಇನಾಮು ಸಾರಿದಳು. ಗಡಿಯ ಊರಾದ ಕೈರೋದಲ್ಲಿ ಶೆರೀಫ್ ಇಳಿಸಿಕೊಂಡ. ಗ್ರೀನ್ ಶಿಕಾಗೋಕ್ಕೆ ಮರಳಿ, ಅಲ್ಲಿಂದ ಕೆನಡಾಕ್ಕೆ ಪಾರಾದ. ನೆರೆಹೊರೆಯ ಕೇಂದ್ರ ಅಂದರೆ ಕೇರಂ ಬೋರ್ಡು, ಹೊಲಿಗೆ ಯಂತ್ರ ಅಂತ ಮಾತ್ರ ತಿಳಿದವರು ಇದನ್ನೂ ಪಟ್ಟಿಗೆ ಸೇರಿಸಿಕೊಳ್ಳಲಿ.

ದುಡ್ಡು? ಮೊದಮೊದಲು ಒಬ್ಬ ಬಿಳಿಯ ಪತ್ರಿಕಾ ಮಾಲೀಕ ಕೊಟ್ಟ. ಅದು ನಿಂತಿತು. ವೆಲ್ಸ್ 1913ರಲ್ಲಿ ಕೋರ್ಟಿನ ಪ್ರೊಬೇಷನ್ ಅಧಿಕಾರಿಯಾಗಿ ತಿಂಗಳಿಗೆ 150 ಡಾಲರ್ ಸಂಬಳ ಪಡೆದು ಅದನ್ನೇ ಸುರಿದಳು. ಆ ಕೆಲಸವೂ ಹೋಯಿತು. ಅವಳಿಗೆ ಹೆಚ್ಚು ನೋವು ಕೊಟ್ಟದ್ದು ಅದಲ್ಲ. ಓದಿ ಮೇಲೆ ಬಂದ ಕಪ್ಪು ಜನವೇ ಆ ಕೆಟ್ಟ ಬೀದಿಗೆ ಕಾಲಿಡಲು ಹಿಂಜರಿದರು. ನಮ್ಮಲ್ಲಿ ನೌಕರಿ ಸಿಕ್ಕಿ ಬಡಾವಣೆ ಸೇರಿದವರು ನೆನಪಾಗುತ್ತಾರೆ. ಬೈಯ್ಯೋದಕ್ಕೆ ಬಾಯಿ ಬರುತ್ತದೆ, ಆದರೆ ಮಾರ್ಕೆಟ್ಟಿನ ಹಿಂದಿನ ಓಣಿಯೂ ನೆನಪಾಗುತ್ತದೆ. 1920ರಲ್ಲಿ ಲೀಗು ಮುಚ್ಚಿತು.

ನಮ್ಮ ಕಡೆಯೂ ಎರಡೂ ಬಗೆ ನಡೆದಿವೆ. ಮಂಗಳೂರಿನಲ್ಲಿ ಕುದ್ಮಲ್ ರಂಗರಾಯರು ಮೇಲ್ಜಾತಿಯಲ್ಲಿ ಹುಟ್ಟಿ, ಬಹಿಷ್ಕಾರ ಉಂಡು, 1890ರ ದಶಕದಲ್ಲಿ ಶಾಲೆ, ವಿದ್ಯಾರ್ಥಿನಿಲಯ, ಮಗ್ಗ ಅಂತ ಕಟ್ಟಿದರು. ಆಡಮ್ಸ್ ದಾರಿ ಅದು. ಇನ್ನೊಂದು ದಾರಿ ಮುಂಬಯಿಯ ಪರೇಲಿನದು. 1924ರ ಜುಲೈ 20ರಂದು ಬಾಬಾಸಾಹೇಬರು ಬಹಿಷ್ಕೃತ ಹಿತಕಾರಿಣಿ ಸಭಾ ಸ್ಥಾಪಿಸಿದರು, ದಾಮೋದರ ಹಾಲಿನಲ್ಲಿ ಅದರ ಕಚೇರಿ. ಗಿರಣಿ ಕೂಲಿಗಳ ನಡುವೆ ಒಂದು ವಾಚನಾಲಯ. ಸೊಲ್ಲಾಪುರದಲ್ಲಿ 1925ರಲ್ಲಿ ವಿದ್ಯಾರ್ಥಿನಿಲಯ. ಹುಡುಗರು ಕುಡಿತ, ಜೂಜಿಗೆ ಬೀಳದಿರಲಿ ಅಂತ ಒಂದು ಹಾಕಿ ಕ್ಲಬ್ಬು! ಸಂವಿಧಾನ ಬರೆದ ಕೈ ಹಾಕಿ ಕೋಲಿನ ಲೆಕ್ಕವನ್ನೂ ಇಟ್ಟಿತ್ತು ಅನ್ನೋದನ್ನು ನಮ್ಮ ಭಾಷಣಕಾರರು ಯಾಕೋ ಹೇಳುವುದಿಲ್ಲ. ಆಮೇಲೆ ಧಾರವಾಡದಲ್ಲೂ ಅವರ ವಿದ್ಯಾರ್ಥಿನಿಲಯ ಬಂತು.

ಆಡಮ್ಸಳಿಗೆ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸಿಕ್ಕಿತು. 1935ರಲ್ಲಿ ತೀರಿಕೊಂಡಳು. 1963ರಲ್ಲಿ ವಿಶ್ವವಿದ್ಯಾಲಯಕ್ಕೆ ಜಾಗ ಬೇಕೆಂದು ಹಲ್ ಹೌಸಿನ ಕಟ್ಟಡಗಳನ್ನು ಕೆಡವಿದರು, ನೆರೆಹೊರೆಯೂ ಚೆಲ್ಲಾಪಿಲ್ಲಿಯಾಯಿತು. ಎರಡು ಕಟ್ಟಡ ಉಳಿದಿವೆ. ಬೇರೆ ಬೇರೆ ಕಡೆ ಕೆಲಸ ಮುಂದುವರಿಸಿದ್ದ ಅದರ ಸಂಸ್ಥೆಯೂ 2012ರ ಜನವರಿಯಲ್ಲಿ ದುಡ್ಡಿಲ್ಲದೆ ಬಾಗಿಲು ಹಾಕಿತು.

ನಮ್ಮ ಭವನದ ಬೀಗದ ಕೈಗಾಗಿ ನಾವು ಹನ್ನೊಂದು ಜನ ಸಹಿ ಮಾಡಿ ಎರಡು ಅರ್ಜಿ ಕೊಟ್ಟಿದ್ದೇವೆ. ಹನ್ನೊಂದರಲ್ಲಿ ನಾಲ್ಕು ಹೆಬ್ಬೆಟ್ಟು. ಮೊದಲನೆಯ ಹೆಬ್ಬೆಟ್ಟು ಅವ್ವನದು. ಅರ್ಜಿ ಕೊಡಲು ಕಚೇರಿಗೆ ಹೋದಾಗ ಅವಳು ಅಭ್ಯಾಸದಂತೆ ಹಿಂಬಾಗಿಲ ಕಡೆ ತಿರುಗಿದಳು. ಕೈ ಹಿಡಿದು ಮುಂದಿನ ಬಾಗಿಲಿಂದ ಕರೆದುಕೊಂಡು ಹೋದೆ. ಗುಮಾಸ್ತ ಮುಂದಿನ ಸೋಮವಾರ ಬನ್ನಿ ಅಂದ. ಹೊರಗೆ ಬಂದ ಮೇಲೆ ಅವ್ವ ಮೆಟ್ಟಿಲು ತಿರುಗಿ ನೋಡಿ, 'ಇದ್ನ ದಿನಾ ಗುಡಿಸ್ತೀನಿ, ಇವತ್ತೇ ಹತ್ತಿದ್ದು' ಅಂದಳು.